ಡಬ್ಲಿನ್‌ಗೆ ಹೊರಟ ಮಂಡ್ಯದ ತಮ್ಮನಿಗೆ

'ಗಂಡಸನ್ನು ಪ್ರೀತಿಸಿ ಜೈಲಿಗೆ ಹೋದ ಲೇಖಕ ಆಸ್ಕರ್ ವೈಲ್ಡ್ ಹುಟ್ಟಿದ ಊರಿಗೆ ಓದಲು ಬರುತ್ತಿದ್ದೇನೆ. ಮುಂದೆ ನಾನು ಪ್ರೀತಿಸುವ ಹುಡುಗನೂ ಬರುತ್ತಾನೆ. ಅಲ್ಲಿ ಮುಚ್ಚಿಡದೆ ಬದುಕಬಹುದಾ ಅಣ್ಣ?' ಅಂತ ಕೇಳಿದ್ದೀಯ. ಬದುಕಬಹುದು. ನಾನು ಮೈಸೂರಿನ ಸರಸ್ವತಿಪುರಂ ಬಿಟ್ಟು ಬಹಳ ವರ್ಷವಾಯ್ತು. ಇಲ್ಲಿ ನನ್ನ ಸಂಗಾತಿಯ ಜೊತೆ ಮನೆ ಮಾಡಿಕೊಂಡಿದ್ದೇನೆ. ಪಕ್ಕದ ಮನೆ ಅಜ್ಜಿಗೆ ಅದು ಸುದ್ದಿಯೇ ಅಲ್ಲ. ನಾವು ಕಸದ ಡಬ್ಬ ಸರಿಯಾದ ದಿನ ಹೊರಗಿಟ್ಟರೆ ಅವರಿಗೆ ಸಾಕು.

ಹಾಗಂತ ಈ ಐರ್ಲೆಂಡ್ ದೇಶ ಮೊದಲಿಂದಲೂ ಹೀಗೇ ಇತ್ತು ಅಂದುಕೊಳ್ಳಬೇಡ. ವೈಲ್ಡ್‌ಗೆ ಶಿಕ್ಷೆಯಾದದ್ದು ಲಂಡನ್‌ನಲ್ಲಿ, ನಿಜ. ಆದರೆ ಗಂಡಸರ ನಡುವಿನ ಸಂಬಂಧ ಅಪರಾಧ ಅಂತ ಶಿಕ್ಷೆ ಕೊಟ್ಟ ಆ 1885ರ ಕಾನೂನು ಇಲ್ಲೂ 1993ರವರೆಗೆ ಇತ್ತು. ಅದರ ವಿರುದ್ಧ ಕೇಸು ಹಾಕಿದ ಟ್ರಿನಿಟಿ ಕಾಲೇಜಿನ ಮೇಷ್ಟ್ರು ಡೇವಿಡ್ ನಾರಿಸ್ ಇಲ್ಲಿನ ಸುಪ್ರೀಂ ಕೋರ್ಟಿನಲ್ಲಿ ಸೋತರು. 1988ರಲ್ಲಿ ಯುರೋಪಿನ ಮಾನವ ಹಕ್ಕುಗಳ ಕೋರ್ಟಿನಲ್ಲಿ ಗೆದ್ದರು. ಆಮೇಲೂ ಸರ್ಕಾರ ಐದು ವರ್ಷ ಎಳೆಯಿತು. 2015ರಲ್ಲಿ ಜನರೇ ಓಟು ಹಾಕಿ ಸಲಿಂಗ ಮದುವೆಗೆ ಒಪ್ಪಿಗೆ ಕೊಟ್ಟರು, ಶೇ. 62ರಷ್ಟು. ನಮ್ಮಲ್ಲಿ 2018ರಲ್ಲಿ, ಸಲಿಂಗ ಸಂಬಂಧವನ್ನು ಅಪರಾಧ ಅನ್ನುತ್ತಿದ್ದ ಸೆಕ್ಷನ್ 377ರ ಕಾಟ ತಪ್ಪಿತು. ಮದುವೆಗೆ ಮಾತ್ರ 2023ರಲ್ಲಿ ಸುಪ್ರೀಂ ಕೋರ್ಟು ಇಲ್ಲ ಅಂದಿತು. ಹಾಗಾಗಿ ಇಲ್ಲಿ ನೀವು ಗಂಡ-ಗಂಡ ಆದರೂ ಮಂಡ್ಯದ ಕಚೇರಿಯಲ್ಲಿ ಮದುವೆಯಾಗದವರೇ.

ವೈಲ್ಡ್ ಕಥೆಯಲ್ಲಿ ಎಲ್ಲರೂ ಪ್ರೀತಿ ನೋಡುತ್ತಾರೆ. ನನ್ನ ಕಣ್ಣು ಹೋಗುವುದು ಒಂದು ಕಾರ್ಡಿನ ಮೇಲೆ. ಅವನ ಪ್ರಿಯಕರ ಆಲ್ಫ್ರೆಡ್ ಡಗ್ಲಸ್‌ನ ಅಪ್ಪ, ವೈಲ್ಡ್ ಹೋಗುತ್ತಿದ್ದ ಕ್ಲಬ್ಬಿನಲ್ಲಿ ಅವಮಾನದ ಒಂದು ಸಾಲು ಗೀಚಿ ಆ ಕಾರ್ಡು ಬಿಟ್ಟುಹೋದ. ಹರಿದು ಬಿಸಾಡಬಹುದಿತ್ತು, ಅಲ್ವಾ? ವೈಲ್ಡ್ ಮಾನನಷ್ಟ ಕೇಸು ಹಾಕಿದ. ಹಾಕು ಅಂತ ಹುರಿದುಂಬಿಸಿದವನು ಡಗ್ಲಸ್. ಅಪ್ಪ-ಮಗನ ಹಳೇ ಜಗಳಕ್ಕೆ ಇವನು ಕೋರ್ಟು ಹತ್ತಿದ ಹಾಗಾಯಿತು. ಅಲ್ಲಿ ಹೊರಬಿದ್ದ ಸಂಗತಿಗಳೇ ಅವನಿಗೆ ತಿರುಗುಬಾಣವಾದವು. ಎರಡು ವರ್ಷ ಕಠಿಣ ಸಜೆ. 1900ರಲ್ಲಿ ಪ್ಯಾರಿಸ್ಸಿನಲ್ಲಿ ಸತ್ತಾಗ ಅವನಿಗೆ ಬರೀ 46.

ನಿನಗೆ ಅಂಥ ಕಾರ್ಡು ವಾಟ್ಸಾಪ್‌ನಲ್ಲಿ ಬರುತ್ತದೆ. ಇಲ್ಲಿ ಬಾಡಿಗೆ ಜಾಸ್ತಿ, ಹೊಸಬರು ನಮ್ಮ ಕಡೆ ಹುಡುಗರ ಜೊತೆಗೇ ರೂಮು ಹಂಚಿಕೊಳ್ಳುತ್ತಾರೆ. ಶನಿವಾರ ನೀನು ಯಾರ ಕೈ ಹಿಡಿದು ಓಡಾಡಿದೆ ಅನ್ನುವುದು ಸೋಮವಾರದೊಳಗೆ ನಿನ್ನ ಸೋದರಮಾವನಿಗೆ ಗೊತ್ತು. ನೆಂಟರ ಗ್ರೂಪಿನಲ್ಲಿ ಯಾರೋ ಕೆಣಕುತ್ತಾರೆ. ಹೌದೋ ಅಲ್ಲವೋ ಹೇಳಿಬಿಡು ಅನ್ನುತ್ತಾರೆ. ಅಲ್ಲಿ ಒಂದಕ್ಷರ ಬರೆಯಬೇಡ. ನಿನ್ನ ಹುಡುಗ ಬರಿ ಅಂದರೂ ಬೇಡ. ಅಮ್ಮನಿಗೋ ಅಕ್ಕನಿಗೋ ಹೇಳಬೇಕು ಅನ್ನಿಸಿದ ದಿನ ನೀನೇ ಎದುರು ಕೂತು ಹೇಳು. ಆ ದಿನ ಯಾವುದು ಅಂತ ನೆಂಟರು ಗೊತ್ತುಮಾಡುವುದು ಬೇಡ.

ಇಲ್ಲಿ ನೀನು ಸಲಿಂಗಿ ಅನ್ನುವ ಕಾರಣಕ್ಕೆ ಕೆಲಸದಿಂದ ತೆಗೆಯುವಂತಿಲ್ಲ, ಬಾಡಿಗೆಗೆ ಮನೆ ಇಲ್ಲ ಅನ್ನುವಂತಿಲ್ಲ. ಬೀದಿಯ ಪುಂಡರು ಎಲ್ಲ ಕಡೆ ಇರುವಂತೆ ಇಲ್ಲೂ ಇದ್ದಾರೆ. ಅವರಿಗೆ ಮೊದಲು ಕಾಣುವುದು ನಮ್ಮ ಮೈಬಣ್ಣ.

ವಿದ್ಯಾರ್ಥಿ ವೀಸಾದ ಮೇಲೆ ಸಂಗಾತಿ ಅಂತ ನಿನ್ನ ಹುಡುಗನನ್ನು ಕರೆತರುವುದು ಸಾಮಾನ್ಯವಾಗಿ ಆಗುವುದಿಲ್ಲ. ನಿನಗೆ ಕೆಲಸದ ಪರ್ಮಿಟ್ ಸಿಕ್ಕ ಮೇಲೆ ದಾರಿ ಇದೆ, ಆಗ ಜೊತೆಗಿದ್ದದ್ದಕ್ಕೆ ಕಾಗದ ಕೇಳುತ್ತಾರೆ. ಈಗ ನೀವಿಬ್ಬರೂ ಇರುವ ಮನೆಯ ಬಾಡಿಗೆ ಕರಾರಿನಲ್ಲಿ ಅವನ ಹೆಸರು ಇಲ್ಲದಿದ್ದರೆ, ಹೊರಡುವ ಮೊದಲೇ ಸೇರಿಸು.