ಬರಹಗಾರರಿಗೆ: ಅನುಮತಿ ಕೊಟ್ಟವರು ಯಾರು?

ಪ್ರಿಯ ಲೇಖಕರೇ,

‘ಬಹುಪತ್ನಿತ್ವ: ಜಗತ್ತಿನ ಕಾನೂನುಗಳತ್ತ ಒಂದು ನೋಟ’ ಎಂಬ ನಿಮ್ಮ ಲೇಖನ ತಲುಪಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲು ಆಗುವುದಿಲ್ಲ. ಸಾಮಾನ್ಯವಾಗಿ ಇಂಥ ಉತ್ತರವನ್ನು ಎರಡು ಸಾಲಿನಲ್ಲಿ ಮುಗಿಸುತ್ತೇನೆ. ನಿಮ್ಮ ಲೇಖನವನ್ನು ಕೆಳಗಿಟ್ಟ ಮೇಲೂ ಸಿಟ್ಟು ಇಳಿಯಲಿಲ್ಲವಾದ್ದರಿಂದ ಇಷ್ಟು ದೀರ್ಘವಾಗಿ ಬರೆಯುತ್ತಿದ್ದೇನೆ. ನಿಮ್ಮ ಹೆಸರು ಬಿಟ್ಟು ಇದನ್ನು ಪತ್ರಿಕೆಯಲ್ಲೇ ಹಾಕಿಕೊಳ್ಳಲು ಒಪ್ಪಿದ್ದೀರಿ, ಕೃತಜ್ಞತೆಗಳು.

ಒಳ್ಳೆಯ ಮಾತು ಮೊದಲು. ಭಾಷೆ ಶುದ್ಧವಾಗಿದೆ, ಕಾಗುಣಿತ ತಪ್ಪಿಲ್ಲ, ಇಸವಿಗಳು ಸರಿಯಾಗಿವೆ. ಟರ್ಕಿ 1926ರ ನಾಗರಿಕ ಸಂಹಿತೆಯಲ್ಲೇ, ಟುನೀಶಿಯಾ 1956ರಲ್ಲಿ ಬಹುಪತ್ನಿತ್ವವನ್ನು ನಿಷೇಧಿಸಿದ್ದನ್ನು ಗುರುತಿಸಿ, ಮುಸ್ಲಿಂ ದೇಶಗಳೆಲ್ಲ ಒಂದೇ ಎಂದು ಬರೆಯುವವರ ಸಾಲಿನಿಂದ ಹೊರಗೆ ನಿಂತಿದ್ದೀರಿ. ಸಂತೋಷ.

ಇನ್ನು ಸಿಟ್ಟಿಗೆ ಬರುತ್ತೇನೆ. ಎರಡನೇ ಪುಟದಲ್ಲಿ ನೀವು ಬರೆಯುತ್ತೀರಿ: “ಒಬ್ಬಳನ್ನು ಸಂಭಾಳಿಸುವುದೇ ಕಷ್ಟವಾಗಿರುವ ಈ ಕಾಲದಲ್ಲಿ ನಾಲ್ವರನ್ನು ಸಾಕುವ ಪುಣ್ಯಾತ್ಮರೂ ಇದ್ದಾರೆ!” ಈ ನಗೆಮಾತು ಬಗೆಬಗೆಯ ವೇಷದಲ್ಲಿ ನಮ್ಮ ಕಚೇರಿಗೆ ಬರುತ್ತಲೇ ಇರುತ್ತದೆ, ಪ್ರತಿ ಸಲವೂ ಕಡೆಗೊಂದು ಉದ್ಗಾರ ಚಿಹ್ನೆ ಹೊತ್ತುಕೊಂಡು. ಇದರಲ್ಲಿ ಪಾಡು ಪಡುವವನು ಯಾವಾಗಲೂ ಗಂಡನೇ. ನಮ್ಮ ತ್ರಿಪದಿಗಳಲ್ಲಿ ಸವತಿಯ ಸಂಕಟ ಎಷ್ಟು ಬಂದಿದೆ, ಗೊತ್ತಲ್ಲ? ಬೀಸುವ ಕಲ್ಲಿನ ಮುಂದೆ ಕುಳಿತು ಅವನ್ನು ಹಾಡಿದವರು ಗಂಡನ ಕಷ್ಟಕ್ಕೆ ಮರುಗಲು ಹಾಡಿದ್ದಲ್ಲ. ಆ ಸಾಲನ್ನು ಹೊಡೆದು ಹಾಕಿದ್ದೇನೆ. ಅದರ ಬದಲಿಗೆ ಏನನ್ನೂ ಬರೆಯಬೇಡಿ.

ನನಗೆ ಇದಕ್ಕಿಂತ ಹೆಚ್ಚು ಕಿರಿಕಿರಿ ಮಾಡಿದ್ದು ಲೇಖನದ ಕೊನೆಯಲ್ಲಿರುವ ಕೋಷ್ಟಕ. ಎಡಗಡೆ ‘ಅನುಮತಿ ಇರುವ ದೇಶಗಳು’, ಬಲಗಡೆ ‘ನಿಷೇಧವಿರುವ ದೇಶಗಳು’. ಇಡೀ ಲೇಖನವನ್ನು ಆ ಕೋಷ್ಟಕಕ್ಕಾಗಿಯೇ ಬರೆದಂತಿದೆ. ಹೀಗಾಗಿ ನಿಮ್ಮ ವಾಕ್ಯಗಳಲ್ಲಿ ದೇಶಗಳಿವೆ, ಕಾಯ್ದೆಗಳಿವೆ, ಒಬ್ಬ ಮನುಷ್ಯನೂ ಇಲ್ಲ. ಸಾಲು ಸಾಲಾಗಿ ನೋಡೋಣ.

“ಕೀನ್ಯಾದಲ್ಲಿ 2014ರ ವಿವಾಹ ಕಾಯ್ದೆಯ ಮೂಲಕ ಬಹುಪತ್ನಿತ್ವಕ್ಕೆ ಅನುಮತಿ ನೀಡಲಾಯಿತು.” ನೀಡಿದವರು ಯಾರು? ರೂಢಿಯ ಮದುವೆಯಲ್ಲಿ ಒಬ್ಬನಿಗೆ ಹಲವು ಹೆಂಡತಿಯರಿರುವುದು ಅಲ್ಲಿ ಹೊಸತೇನೂ ಅಲ್ಲ; ಕಾಯ್ದೆ ಅದನ್ನು ಲಿಖಿತಕ್ಕೆ ತಂದಿತು. ಜಗಳ ನಡೆದದ್ದು ಬೇರೆ ಕಾರಣಕ್ಕೆ. ಗಂಡ ಇನ್ನೊಂದು ಮದುವೆಗೆ ಹೊರಟರೆ ತಡೆಯುವ ಹಕ್ಕನ್ನು ಮಸೂದೆಯ ಮೂಲ ಕರಡು ಹಾಲಿ ಹೆಂಡತಿಗೆ ಕೊಟ್ಟಿತ್ತು. ಗಂಡಸು ಸದಸ್ಯರು ಪಕ್ಷಭೇದ ಮರೆತು ಒಂದಾಗಿ ಆ ಅಂಶವನ್ನು ಕಿತ್ತುಹಾಕಿದರು. ಮಹಿಳಾ ಸದಸ್ಯರು ರಾತ್ರಿಯ ಕಲಾಪದಿಂದ ಎದ್ದು ಹೊರನಡೆದರು. ಏಪ್ರಿಲ್‌ನಲ್ಲಿ ಅಧ್ಯಕ್ಷ ಉಹುರು ಕೆನ್ಯಾಟ್ಟ ಸಹಿ ಹಾಕಿದರು. ಇಷ್ಟು ದೊಡ್ಡ ನಾಟಕ ನಿಮ್ಮ ‘ನೀಡಲಾಯಿತು’ ಎಂಬ ಒಂದು ಕ್ರಿಯಾಪದದೊಳಗೆ ಹೂತುಹೋಗಿದೆ.

“ಪಾಕಿಸ್ತಾನದಲ್ಲಿ ಎರಡನೇ ಮದುವೆಗೆ ಅನುಮತಿ ಪಡೆಯಬೇಕಾಗುತ್ತದೆ.” ಯಾರಿಂದ? 1961ರ ಮುಸ್ಲಿಂ ಕುಟುಂಬ ಕಾನೂನು ಸುಗ್ರೀವಾಜ್ಞೆಯ 6ನೇ ಸೆಕ್ಷನ್ ಪ್ರಕಾರ ಒಂದು ಮಧ್ಯಸ್ಥಿಕೆ ಮಂಡಳಿಯಿಂದ. ಅದರಲ್ಲಿ ಸ್ಥಳೀಯ ಸಂಸ್ಥೆಯ ಅಧ್ಯಕ್ಷರ ಜೊತೆಗೆ ಗಂಡನ ಕಡೆಯ ಒಬ್ಬರು, ಹೆಂಡತಿಯ ಕಡೆಯ ಒಬ್ಬರು ಇರುತ್ತಾರೆ. ಅರ್ಜಿಯಲ್ಲಿ ಮದುವೆಗೆ ಕಾರಣವೇನು, ಹಾಲಿ ಹೆಂಡತಿಯ ಒಪ್ಪಿಗೆ ಪಡೆದಿದೆಯೇ ಎಂಬುದನ್ನು ಬರೆಯಬೇಕು. ಪಡೆದಿರಲೇಬೇಕು ಎಂದಿಲ್ಲ, ಪಡೆದಿದೆಯೇ ಇಲ್ಲವೇ ಎಂದು ಹೇಳಬೇಕು, ಅಷ್ಟೆ. ಅನುಮತಿಯಿಲ್ಲದೆ ಮದುವೆಯಾದವನಿಗೆ ಜೈಲು, ದಂಡ ಉಂಟು. ಮೊದಲ ಹೆಂಡತಿಗೆ ಕೊಡಬೇಕಾದ ಮೆಹರ್ ಪೂರ್ತಿ ತಕ್ಷಣ ಕೊಡಬೇಕು. ಆದರೆ ಆ ಮದುವೆ ಮುರಿದುಬೀಳುವುದಿಲ್ಲ. ಈಗ ಹೇಳಿ, ಈ ದೇಶ ನಿಮ್ಮ ಕೋಷ್ಟಕದ ಎಡಗಡೆಯೋ ಬಲಗಡೆಯೋ?

“ಸೆನೆಗಲ್‌ನಲ್ಲಿ ಇದು ಕಾನೂನುಬದ್ಧ.” ಮೂರೇ ಪದ! ಅಲ್ಲಿನ 1972ರ ಕುಟುಂಬ ಸಂಹಿತೆಯಂತೆ ವರ ಅಧಿಕಾರಿಯ ಮುಂದೆ ನಿಂತು ತನ್ನ ಆಯ್ಕೆ ತಿಳಿಸಬೇಕು: ಒಬ್ಬಳೇ ಹೆಂಡತಿಯೋ, ಮಿತಿಯುಳ್ಳ ಬಹುಪತ್ನಿತ್ವವೋ, ನಾಲ್ವರವರೆಗೂ ಅವಕಾಶವೋ? ಒಬ್ಬಳೇ ಎಂದವನು ಮುಂದೆ ಮನಸ್ಸು ಬದಲಿಸುವಂತಿಲ್ಲ. ಏನೂ ಹೇಳದೆ ಸುಮ್ಮನಿದ್ದರೆ ನಾಲ್ವರವರೆಗೆ ಎಂದು ಲೆಕ್ಕ. ವಧು ಪಕ್ಕದಲ್ಲೇ ನಿಂತಿರುತ್ತಾಳೆ, ಗಂಡ ಬಾಯಿ ತೆರೆಯುತ್ತಾನೋ ಇಲ್ಲವೋ ಎಂದು ಕಾಯುತ್ತಾ. ಆ ಒಂದು ಗಳಿಗೆಯನ್ನು ಬರೆದಿದ್ದರೆ ನಿಮ್ಮ ಲೇಖನವನ್ನು ಮುಖಪುಟಕ್ಕೆ ತೆಗೆದುಕೊಳ್ಳುತ್ತಿದ್ದೆ.

ನಾನು ಈ ಕಸುಬಿಗೆ ಬಂದ ಹೊಸತರಲ್ಲಿ, ಒಂದು ಜಿಲ್ಲಾ ಕೇಂದ್ರದ ದಿನಪತ್ರಿಕೆಯಲ್ಲಿ, ನ್ಯಾಯಾಲಯದ ವರದಿ ನನ್ನ ಪಾಲಿಗೆ ಬಿದ್ದಿತ್ತು. ನಮ್ಮ ಮುಖ್ಯ ಉಪಸಂಪಾದಕರು ಮಿತಭಾಷಿ. ‘ಲಾಯಿತು’ ಎಂದು ಮುಗಿದ ಕ್ರಿಯಾಪದ ಕಂಡರೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, ಅಂಚಿನಲ್ಲಿ ‘ಯಾರು?’ ಎಂದು ಬರೆದು ಹಾಳೆಯನ್ನು ಮೇಜಿನ ಮೇಲೆ ಜಾರಿಸುತ್ತಿದ್ದರು. ವಿವರಣೆ ಇಲ್ಲ, ಬೈಗುಳವೂ ಇಲ್ಲ. ಆಗ ದಂಡ ಸಂಹಿತೆಯ 494ನೇ ಸೆಕ್ಷನ್ನಿನ ಒಂದು ಪ್ರಕರಣ ನಡೆಯುತ್ತಿತ್ತು. ಹೆಂಡತಿ ಇರುವಾಗಲೇ ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡಿದ್ದ. ಮೊದಲ ಹೆಂಡತಿಯ ಅಣ್ಣ ಸಾಕ್ಷಿ. ಎದುರು ವಕೀಲರು ಕೇಳಿದರು: ಧಾರೆ ಎರೆದವರು ಯಾರು? ಪುರೋಹಿತರು ಯಾವ ಊರಿನವರು? ಸಪ್ತಪದಿ ತುಳಿದದ್ದನ್ನು ನೋಡಿದಿರಾ? ಅವನು ತಲೆ ಕೆರೆದುಕೊಂಡು, “ಊಟದ ಹೊತ್ತಿಗೆ ಹೋಗಿದ್ದೆ ಸ್ವಾಮಿ” ಎಂದ. ಗಂಡ ಖುಲಾಸೆಯಾದ. ತೀರ್ಪಿನ ದಿನ ಮೆಟ್ಟಿಲ ಬಳಿ ಆ ಹೆಂಗಸನ್ನು ಮಾತನಾಡಿಸಿದೆ. “ಮದುವೆಯೇ ಆಗಿಲ್ಲವಂತೆ. ಹಾಗಾದರೆ ಆ ಮಗುವಿನ ನಾಮಕರಣಕ್ಕೆ ನಮ್ಮತ್ತೆ ಬೆಳ್ಳಿ ಲೋಟ ಹಿಡಿದುಕೊಂಡು ಹೋಗಿದ್ದೇಕೆ ಎಂದು ಕೇಳಿ” ಎಂದಳು. ವರದಿಯ ಕೊನೆಯಲ್ಲಿದ್ದ ಆ ಮಾತನ್ನು ಮುಖ್ಯ ಉಪಸಂಪಾದಕರು ಬಾಣದ ಗುರುತು ಹಾಕಿ ಮೊದಲ ಪ್ಯಾರಾಕ್ಕೆ ಏರಿಸಿದರು. ವರದಿ ಬರೆಯುವುದು ಹೇಗೆ ಎಂದು ನನಗೆ ಯಾರಾದರೂ ಕಲಿಸಿದ್ದರೆ ಅದು ಆ ಬಾಣವೇ.

ಹಾಗಾಗಿಯೇ ಭಾರತದ ಬಗೆಗಿನ ನಿಮ್ಮ ವಾಕ್ಯವನ್ನು ನುಂಗಿಕೊಳ್ಳಲು ನನ್ನಿಂದ ಆಗುತ್ತಿಲ್ಲ: “ಭಾರತದಲ್ಲಿ ಮುಸ್ಲಿಮರನ್ನು ಹೊರತುಪಡಿಸಿ ಎಲ್ಲರಿಗೂ ನಿಷೇಧಿಸಲಾಗಿದೆ.” ಮೊದಲನೆಯದಾಗಿ, ಪರಿಶಿಷ್ಟ ಪಂಗಡಗಳಿಗೆ 1955ರ ಹಿಂದೂ ವಿವಾಹ ಕಾಯ್ದೆ ತಾನಾಗಿ ಅನ್ವಯಿಸುವುದಿಲ್ಲ, ಕಿನ್ನೌರ್, ಸಿರ್ಮೌರ್ ಕಡೆಯ ಅಣ್ಣತಮ್ಮಂದಿರ ಬಹುಪತಿತ್ವವನ್ನು ನೀವು ಮರೆತೇಬಿಟ್ಟಿರಿ. ಇನ್ನು ‘ನಿಷೇಧಿಸಲಾಗಿದೆ’ ಎಂಬ ಪದ. ಇಂದಿನ ಭಾರತೀಯ ನ್ಯಾಯ ಸಂಹಿತೆಯ 82ನೇ ಸೆಕ್ಷನ್ ಏಳು ವರ್ಷದವರೆಗೆ, ಮೊದಲ ಮದುವೆಯನ್ನು ಮುಚ್ಚಿಟ್ಟಿದ್ದರೆ ಹತ್ತು ವರ್ಷದವರೆಗೆ ಶಿಕ್ಷೆ ಹೇಳುತ್ತದೆ. ಆದರೆ ನೊಂದವರು, ಅಥವಾ ಹೆಂಡತಿಯ ಪರವಾಗಿ ಅವಳ ತಂದೆತಾಯಿ, ಒಡಹುಟ್ಟಿದವರಂಥ ಹತ್ತಿರದವರು ದೂರು ಕೊಡದೆ ನ್ಯಾಯಾಲಯ ಪ್ರಕರಣವನ್ನು ಕೈಗೆತ್ತಿಕೊಳ್ಳುವುದಿಲ್ಲ. ದೂರು ಕೊಟ್ಟರೂ ಎರಡನೇ ಮದುವೆ ವಿಧಿಪೂರ್ವಕ ನಡೆದಿದೆ ಎಂದು ರುಜುವಾತಾಗಬೇಕು. 1965ರ ಭಾವುರಾವ್ ಲೋಖಂಡೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ: ಅಗತ್ಯ ಶಾಸ್ತ್ರಗಳು ನಡೆಯದಿದ್ದರೆ ಮದುವೆಯೇ ಇಲ್ಲ, ಮದುವೆ ಇಲ್ಲದಿದ್ದರೆ ಅಪರಾಧವೂ ಇಲ್ಲ. ಬುದ್ಧಿವಂತ ಗಂಡ ಹಾರ ಬದಲಿಸಿಕೊಂಡು, ಫೋಟೊ ತೆಗೆಸಿಕೊಂಡು, ಊಟ ಹಾಕಿಸಿ ಸುಮ್ಮನಾಗುತ್ತಾನೆ.

ನಿಮ್ಮ ‘ಹೊರತುಪಡಿಸಿ’ಯ ಒಳಗೂ ಒಬ್ಬಳು ಹೆಂಗಸಿದ್ದಾಳೆ. 2020ರಲ್ಲಿ ಕರ್ನಾಟಕ ಹೈಕೋರ್ಟಿನ ಕಲಬುರಗಿ ಪೀಠ, ಮುಸ್ಲಿಂ ಪುರುಷನ ಎರಡನೇ ಮದುವೆ ಕಾನೂನುಸಮ್ಮತವಾಗಿದ್ದರೂ ಅದು ಮೊದಲ ಹೆಂಡತಿಗೆ ಕ್ರೌರ್ಯವಾಗಬಹುದು ಎಂದು, ಆಕೆಗೆ ಸಿಕ್ಕಿದ್ದ ವಿಚ್ಛೇದನವನ್ನು ಎತ್ತಿಹಿಡಿಯಿತು. ಎರಡನೇ ಹೆಂಡತಿಯ ಮಕ್ಕಳ ವಿಷಯಕ್ಕೆ ಬಂದರೆ ನಮ್ಮ ರಾಜ್ಯದಿಂದಲೇ ಹೋದ ರೇವಣಸಿದ್ದಪ್ಪ–ಮಲ್ಲಿಕಾರ್ಜುನ ಪ್ರಕರಣವಿದೆ. 2023ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಅಸಿಂಧು ಮದುವೆಯ ಮಕ್ಕಳಿಗೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ತಂದೆತಾಯಿಯ ಪಾಲಿಗೆ ಬರುವಷ್ಟರಲ್ಲಿ ಹಕ್ಕಿದೆ ಎಂದಿತು. ಮಕ್ಕಳಿಗೆ ಸಿಕ್ಕಿತು; ಅವರ ತಾಯಿಗೆ ಹೆಂಡತಿಯೆಂಬ ಸ್ಥಾನ ಸಿಗಲಿಲ್ಲ. ಇವೆಲ್ಲ ನಿಮ್ಮ ಕೈಗೆಟಕುವಷ್ಟು ದೂರದಲ್ಲಿದ್ದವು. ನೀವು ಕೀನ್ಯಾಕ್ಕೆ ಹೋಗಿ ಅಲ್ಲಿಯೂ ಯಾರನ್ನೂ ನೋಡದೆ ಬಂದಿರಿ.

ಕೊನೆಯ ಪ್ಯಾರಾದಲ್ಲಿ “ಪಾಲಿಯಾಮರಿ ಎಂಬುದು ಬಹುಪತ್ನಿತ್ವದ ಆಧುನಿಕ ಪಾಶ್ಚಾತ್ಯ ರೂಪ” ಎಂದಿದ್ದೀರಿ. ಅಲ್ಲ. ಹಲವರು ಪರಸ್ಪರ ತಿಳಿದು, ಒಪ್ಪಿ ಬಾಳುವುದು ಬೇರೆ. ಒಬ್ಬ ಗಂಡಸಿಗೆ ಹಲವು ಹೆಂಡತಿಯರನ್ನು ಕಟ್ಟುವ ಮದುವೆ ಬೇರೆ. ಕೆನಡಾದ ಬ್ರಿಟಿಷ್ ಕೊಲಂಬಿಯಾದ ನ್ಯಾಯಾಲಯ 2011ರಲ್ಲಿ ಬಹುಪತ್ನಿತ್ವ ನಿಷೇಧವನ್ನು ಎತ್ತಿಹಿಡಿಯುವಾಗ ಈ ಗೆರೆಯನ್ನೇ ಎಳೆಯಿತು: ಮದುವೆಯ ರೂಪ ಕೊಡದೆ ಜೊತೆಗಿರುವವರಿಗೆ ಆ ನಿಷೇಧ ತಟ್ಟುವುದಿಲ್ಲ. ಇವರನ್ನು ಕಾಡುವುದು ಹೆಚ್ಚಾಗಿ ಶಿಕ್ಷೆಯಲ್ಲ, ಅರ್ಜಿ ನಮೂನೆಗಳು. ಅಮೆರಿಕದ ಮ್ಯಾಸಚೂಸೆಟ್ಸ್‌ನ ಸಾಮರ್‌ವಿಲ್ ನಗರಸಭೆ 2020ರಲ್ಲಿ, ಕೋವಿಡ್ ಕಾಲದಲ್ಲಿ, ಆಸ್ಪತ್ರೆಯಲ್ಲಿರುವ ಸಂಗಾತಿಯನ್ನು ಕಾಣಲು, ವಿಮೆ ಪಡೆಯಲು ಅನುಕೂಲವಾಗಲೆಂದು ಸಹಬಾಳ್ವೆಯ ನೋಂದಣಿಗೆ ನಿಯಮ ರೂಪಿಸುತ್ತಿತ್ತು. ಇಬ್ಬರಿಗೇ ಏಕೆ ಸೀಮಿತ ಎಂದು ಸದಸ್ಯರೊಬ್ಬರು ಕೇಳಿದರು. ಕರಡು ಬರೆದವರ ಬಳಿ ಒಳ್ಳೆಯ ಉತ್ತರವಿರಲಿಲ್ಲ, ತಿದ್ದಿದರು. ಬ್ರೆಜಿಲ್‌ನಲ್ಲಿ ಆದದ್ದು ಇದಕ್ಕೆ ತಿರುವುಮುರುವು: 2012ರಲ್ಲಿ ಸಾವೊ ಪಾಲೊ ರಾಜ್ಯದ ಟುಪಾ ಎಂಬ ಊರಿನ ನೋಟರಿಯೊಬ್ಬರು ಮೂವರ ಒಕ್ಕೂಟವನ್ನು ದಾಖಲಿಸಿದ್ದರು, 2018ರಲ್ಲಿ ರಾಷ್ಟ್ರೀಯ ನ್ಯಾಯ ಮಂಡಳಿ ಇನ್ನು ಮುಂದೆ ಯಾವ ನೋಟರಿಯೂ ಹಾಗೆ ಮಾಡಕೂಡದು ಎಂದಿತು. ಇದು ಪ್ರತ್ಯೇಕ ಲೇಖನದ ವಸ್ತು. ಇದರಲ್ಲಿ ತುರುಕಬೇಡಿ.

ಮತ್ತೆ ಬರೆಯುವುದಾದರೆ ಎರಡು ದೇಶ ಸಾಕು, ಅವುಗಳಲ್ಲಿ ಒಂದು ಭಾರತವಾಗಿರಲಿ. ಇನ್ನೊಂದಕ್ಕೆ ದಕ್ಷಿಣ ಆಫ್ರಿಕಾ ನೋಡಿ. ಅಲ್ಲಿ 1998ರ ಕಾಯ್ದೆ ರೂಢಿಯ ಬಹುಪತ್ನಿತ್ವವನ್ನು ಮಾನ್ಯ ಮಾಡಿ, ಆಸ್ತಿಯ ಕರಾರಿಗೆ ಮೊದಲೇ ನ್ಯಾಯಾಲಯದ ಒಪ್ಪಿಗೆ ಪಡೆಯಲು ಹೇಳಿತು. 2013ರಲ್ಲಿ ಸಂವಿಧಾನ ನ್ಯಾಯಾಲಯದ ಮುಂದೆ, ಗಂಡ ಸತ್ತ ಮೇಲೆ ಇಬ್ಬರು ಹೆಂಗಸರು ತಾವೇ ಹೆಂಡತಿ ಎಂದು ನಿಂತರು. ತ್ಸೋಂಗಾ ಸಮುದಾಯದ ಹಿರಿಯರ ಹೇಳಿಕೆಗಳನ್ನು ಪರಿಶೀಲಿಸಿ, ಆ ರೂಢಿಯಲ್ಲಿ ಈಗಾಗಲೇ ಇಲ್ಲದ ಮಟ್ಟಿಗೆ ಅದನ್ನು ಬೆಳೆಸಿ, ಮೊದಲ ಹೆಂಡತಿಯ ಒಪ್ಪಿಗೆ ಬೇಕೇ ಬೇಕು ಎಂದು ನ್ಯಾಯಾಲಯ ತೀರ್ಮಾನಿಸಿತು. ಆ ತೀರ್ಪನ್ನು ಪೂರ್ತಿ ಓದಿ, ಸುದ್ದಿಯ ಸಾರಾಂಶವನ್ನಲ್ಲ. ಇಲ್ಲಿನ ಭಾಗಕ್ಕೆ ನಿಮ್ಮ ತಾಲ್ಲೂಕಿನ ನ್ಯಾಯಾಲಯದಲ್ಲಿ ಒಬ್ಬ ಹಿರಿಯ ವಕೀಲರನ್ನು ಹಿಡಿದು, ಇಂಥ ಖಾಸಗಿ ದೂರುಗಳು ಯಾವ ಹಂತದಲ್ಲಿ ಬಿದ್ದುಹೋಗುತ್ತವೆ ಎಂದು ಕೇಳಿ. ಅವರ ಗುಮಾಸ್ತರನ್ನೂ ಕೇಳಿ, ಅವರಿಗೆ ಇನ್ನೂ ಚೆನ್ನಾಗಿ ಗೊತ್ತಿರುತ್ತದೆ.

ಸಾವಿರದೈನೂರು ಪದ ಮೀರದಿರಲಿ. ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದ್ದರೆ ಯೂನಿಕೋಡಿಗೆ ಬದಲಿಸಿ, ಒತ್ತಕ್ಷರಗಳು ಸರಿಯಾಗಿವೆಯೇ ಎಂದು ಒಮ್ಮೆ ನೋಡಿ ಕಳಿಸಿ. ಈ ಸಲ ಅರ್ಕಾವತ್ತುಗಳನ್ನು ಕೂಡಿಸುವುದರಲ್ಲೇ ನಮ್ಮ ಕರಡು ತಿದ್ದುವವರ ಅರ್ಧ ದಿನ ಹೋಯಿತು.

ವಿಶ್ವಾಸದಿಂದ,
ಸಂಪಾದಕ