ಸಣ್ಣ ಹೋಮ್ ಹೆಲ್ತ್ ಏಜೆನ್ಸಿಯ ಉಳಿವು ಮೊದಲ ಭೇಟಿಯಲ್ಲಿದೆ

ಅಕ್ಕ ಮತ್ತು ಭಾವ ಷಿಕಾಗೋ ಹೊರವಲಯದಲ್ಲಿ, ರೋಗಿಗಳ ಮನೆಗೇ ಹೋಗಿ ಆರೈಕೆ ಕೊಡುವ ಸಣ್ಣ ಹೋಮ್ ಹೆಲ್ತ್ ಏಜೆನ್ಸಿ ನಡೆಸುತ್ತಿದ್ದಾರೆ, ನೀವು ಮೈಸೂರಿನಿಂದ ಅವರ ಕೋಡಿಂಗ್ ಕೆಲಸ (ಕಾಯಿಲೆಗಳಿಗೆ ಸಂಕೇತ ಹಾಕುವುದು) ನೋಡಿಕೊಳ್ಳುತ್ತೀರಿ, ಅಮೆರಿಕ ಸರ್ಕಾರದ ಹಿರಿಯರ ಆರೋಗ್ಯ ವಿಮೆಯಾದ ಮೆಡಿಕೇರ್‌ನ ನಿಯಮಗಳು ವರ್ಷ ವರ್ಷವೂ ಬದಲಾಗುತ್ತಿವೆ, ಕೈಗೆ ಬರುವ ಹಣ ಮಾತ್ರ ಇಳಿಯುತ್ತಿದೆ, ಹೀಗಿರುವಾಗ ಮುಂದುವರಿಸಬೇಕೋ ಮುಚ್ಚಬೇಕೋ ಎಂದು ಕೇಳಿದ್ದೀರಿ. ನಾನು ಷಿಕಾಗೋ ಇರುವ ಇಲಿನಾಯ್‌ನಲ್ಲಿ ಫಿಸಿಯೋಥೆರಪಿಸ್ಟ್ ಆಗಿ ವರ್ಷಗಟ್ಟಲೆ ರೋಗಿಗಳ ಮನೆಗಳಿಗೆ ಹೋಗಿ ಕೆಲಸ ಮಾಡಿದವನು. ಈಗ ಅಂಥದೇ ಒಂದು ಏಜೆನ್ಸಿಯಲ್ಲಿ ನರ್ಸ್‌ಗಳ ಮತ್ತು ಥೆರಪಿಸ್ಟ್‌ಗಳ ಕೆಲಸದ ಮೇಲ್ವಿಚಾರಣೆ ನನ್ನದು. ನಿಯಮ ಎಷ್ಟೇ ಬದಲಾದರೂ ಏಜೆನ್ಸಿಯ ಅಳಿವು ಉಳಿವು ನಿರ್ಧಾರವಾಗುವುದು ರೋಗಿಯ ಮನೆಯ ಮೊದಲ ಭೇಟಿಯಲ್ಲಿ ಎಂಬುದು ನನ್ನ ದೃಢವಾದ ಅಭಿಪ್ರಾಯ. ಬಿಲ್ಲಿಂಗ್ ವಿಭಾಗವನ್ನು ಎಷ್ಟು ಬಿಗಿ ಮಾಡಿದರೂ ಆ ಭೇಟಿಯಲ್ಲಿ ಕಳೆದದ್ದನ್ನು ಮರಳಿ ತರಲಾಗದು.

ಹಣದ ಹಾದಿ ಎಲ್ಲೆಲ್ಲಿ ತಿರುಗಿತು ಎಂಬುದನ್ನು ಮೊದಲು ತಿಳಿದುಕೊಳ್ಳಿ. 1997ರ ಬ್ಯಾಲೆನ್ಸ್ಡ್ ಬಜೆಟ್ ಕಾಯಿದೆಗೆ ಮುಂಚೆ ಮೆಡಿಕೇರ್ ಆದ ಖರ್ಚನ್ನು ತುಂಬಿಕೊಡುತ್ತಿತ್ತು. ಆ ಕಾಯಿದೆ ತಂದ ಮಧ್ಯಂತರ ಪದ್ಧತಿಯ ಕಾಲದಲ್ಲಿ ಸಾವಿರಾರು ಏಜೆನ್ಸಿಗಳು ಬಾಗಿಲು ಹಾಕಿದವು. 2000ದ ಅಕ್ಟೋಬರ್‌ನಿಂದ 60 ದಿನಗಳ ಆರೈಕೆಗೆ ಇಂತಿಷ್ಟು ಎಂಬ ಮೊತ್ತ ಜಾರಿಗೆ ಬಂತು. 2008ರಿಂದ ಥೆರಪಿ ಭೇಟಿಗಳು 6, 14, 20 ಎಂಬ ಗಡಿಗಳನ್ನು ದಾಟಿದಾಗಲೆಲ್ಲ ಪಾವತಿ ಏರುತ್ತಿತ್ತು. ರೋಗಿಗೆ ಎಷ್ಟು ಬೇಕು ಎಂಬುದಕ್ಕಿಂತ ಗಡಿಗೆ ಎಷ್ಟು ಕಡಿಮೆ ಬಿದ್ದಿದೆ ಎಂಬ ಪ್ರಶ್ನೆ ಎಷ್ಟೋ ಕಚೇರಿಗಳಲ್ಲಿ ಮುಂದೆ ಬರುತ್ತಿತ್ತು. ದೊಡ್ಡ ಕಂಪನಿಗಳು ಈ ಗಡಿಗಳಿಗೆ ತಕ್ಕಂತೆ ಭೇಟಿಗಳನ್ನು ಹೊಂದಿಸುತ್ತಿದ್ದವು ಎಂದು ಅಮೆರಿಕದ ಸೆನೆಟ್‌ನ ಹಣಕಾಸು ಸಮಿತಿಯೇ 2011ರಲ್ಲಿ ವರದಿ ಪ್ರಕಟಿಸಿತು. ಥೆರಪಿಸ್ಟ್ ಆಗಿ ನನಗೆ ಆ ವರದಿಯಿಂದ ನೋವಾಯಿತು, ಆದರೆ ಅದು ಬರಬೇಕಾಗಿತ್ತು.

2018ರ ಕಾಯಿದೆಯೊಂದು ಆ ಗಡಿಗಳನ್ನು ಕಿತ್ತುಹಾಕಿತು. 2020ರ ಜನವರಿ 1ರಿಂದ ಪಿಡಿಜಿಎಂ ಎಂಬ ಹೊಸ ಪದ್ಧತಿ ಬಂದು, ಪಾವತಿಯ ಅವಧಿ 60 ದಿನಗಳಿಂದ 30ಕ್ಕೆ ಇಳಿಯಿತು. ರೋಗಿ ಹಿಂದಿನ 14 ದಿನಗಳೊಳಗೆ ಆಸ್ಪತ್ರೆಯಿಂದಲೋ ನರ್ಸಿಂಗ್ ಹೋಮ್‌ನಿಂದಲೋ ಬಂದವರೇ ಇಲ್ಲವೇ, ಇದು ಮೊದಲ 30 ದಿನವೇ ಆಮೇಲಿನದೇ, 12 ಕ್ಲಿನಿಕಲ್ ಗುಂಪುಗಳಲ್ಲಿ ಯಾವುದು, ದೈಹಿಕ ಸಾಮರ್ಥ್ಯ ಎಷ್ಟು ಕುಗ್ಗಿದೆ, ಜೊತೆಗಿರುವ ಇತರ ಕಾಯಿಲೆಗಳೇನು ಎಂಬ ಐದು ಸಂಗತಿಗಳ ಆಯ್ಕೆಗಳನ್ನು ಗುಣಿಸಿದರೆ 432 ಪಾವತಿ ಗುಂಪುಗಳಾಗುತ್ತವೆ. ಈ ಐದರಲ್ಲಿ ಎಷ್ಟು ಭೇಟಿ ಕೊಟ್ಟಿರಿ ಎಂಬುದು ಎಲ್ಲಿಯೂ ಇಲ್ಲ. ಐದಕ್ಕೂ ಉತ್ತರ ಸಿಗುವುದು ರೋಗಿಯನ್ನು ಸೇರಿಸಿಕೊಳ್ಳುವಾಗ ತರಿಸಿಕೊಳ್ಳುವ ಕಾಗದಗಳಲ್ಲಿ ಮತ್ತು ಮೊದಲ ದಿನಗಳಲ್ಲಿ ರೋಗಿಯ ಸ್ಥಿತಿಯನ್ನು ಪ್ರಶ್ನಾವಳಿಯಲ್ಲಿ ದಾಖಲಿಸುವ ಓಯಸಿಸ್ ಮೌಲ್ಯಮಾಪನದಲ್ಲಿ.

ಓಯಸಿಸ್ ಎಂಬುದು ನಿಮಗೆ ಮೈಸೂರಿನಲ್ಲಿ ಪರದೆಯ ಮೇಲಿನ ಅಂಕಿಗಳ ಸಾಲು. ಅದು ಮನೆಯೊಳಗೆ ಹೇಗೆ ಹುಟ್ಟುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹೃದಯ ವೈಫಲ್ಯಕ್ಕೆ ಚಿಕಿತ್ಸೆ ಪಡೆದು ಮನೆಗೆ ಬಂದ ಎಂಬತ್ತು ದಾಟಿದ ಅಜ್ಜಿಯನ್ನು ಕಲ್ಪಿಸಿಕೊಳ್ಳಿ. ನರ್ಸ್ ಸೋಫಾದಲ್ಲಿ ಕುಳಿತು, ಲ್ಯಾಪ್‌ಟಾಪ್ ತೆರೆದು, "ಸ್ನಾನ ನೀವೇ ಮಾಡಿಕೊಳ್ಳುತ್ತೀರಾ?" ಎಂದು ಕೇಳುತ್ತಾರೆ. ಅಜ್ಜಿ "ಹೌದು" ಎನ್ನುತ್ತಾರೆ. ಅದರಲ್ಲಿ ಸುಳ್ಳಿಲ್ಲ, ತನ್ನ ಕೆಲಸ ತಾನೇ ಮಾಡಿಕೊಂಡು ಬದುಕಿದವರ ಸ್ವಾಭಿಮಾನವಿದೆ. ಸ್ವತಂತ್ರ ಎಂದು ಗುರುತಾಗಿ ಮುಂದಿನ ಪ್ರಶ್ನೆ ಬರುತ್ತದೆ. ಅದೇ ನರ್ಸ್ ಎದ್ದು, "ಸ್ನಾನದ ಮನೆ ತೋರಿಸಿ, ತೊಟ್ಟಿಯೊಳಗೆ ಹೇಗೆ ಇಳಿಯುತ್ತೀರಿ ನೋಡೋಣ" ಎಂದರೆ ಕಥೆಯೇ ಬೇರೆ. ಅಜ್ಜಿ ಹಜಾರ ದಾಟುವಷ್ಟರಲ್ಲಿ ಏದುಸಿರು ಬಿಡುತ್ತಾರೆ. ತೊಟ್ಟಿಯ ಅಂಚು ಮೊಣಕಾಲಿನ ಎತ್ತರಕ್ಕಿದೆ, ಹಿಡಿದುಕೊಳ್ಳಲು ಗೋಡೆಯಲ್ಲಿ ಸರಳಿಲ್ಲ, ಟವೆಲ್ ತೂಗುಹಾಕುವ ಕಂಬಿಗೆ ಕೈ ಹೋಗುತ್ತದೆ. ಆಸ್ಪತ್ರೆಯಿಂದ ಬಂದ ಮೇಲೆ ತೊಟ್ಟಿಗೆ ಇಳಿದೇ ಇಲ್ಲ, ಸಿಂಕ್ ಬಳಿ ಒದ್ದೆ ಬಟ್ಟೆಯಲ್ಲಿ ಮೈ ಒರೆಸಿಕೊಳ್ಳುತ್ತಿದ್ದಾರೆ ಎಂಬುದು ಆಗ ಹೊರಬರುತ್ತದೆ. ಬಗ್ಗಿ ಸಾಕ್ಸ್ ಹಾಕಿಕೊಳ್ಳುವುದನ್ನು ನೋಡಿದರೆ ಇನ್ನೊಂದು ಸತ್ಯ, ಮಾತ್ರೆಗಳ ಡಬ್ಬಿ ತೆರೆಸಿ ನೋಡಿದರೆ ಮತ್ತೊಂದು.

ಈ ವ್ಯತ್ಯಾಸ ಎಲ್ಲೆಲ್ಲಿ ಮುಟ್ಟುತ್ತದೆ ನೋಡಿ. ಸಾಮರ್ಥ್ಯದ ಅಂಕ ಬದಲಾಗಿ ಪಾವತಿ ಬದಲಾಗುತ್ತದೆ. ಸ್ನಾನ, ಬಟ್ಟೆಯಂಥ ದಿನನಿತ್ಯದ ಕೆಲಸಗಳನ್ನು ಅಭ್ಯಾಸ ಮಾಡಿಸುವ ಆಕ್ಯುಪೇಷನಲ್ ಥೆರಪಿಸ್ಟ್ ಬೇಕು ಎಂಬುದು ಮೊದಲ ವಾರದಲ್ಲೇ ಗೊತ್ತಾಗುತ್ತದೆ. ಅಜ್ಜಿ ಬಿದ್ದು ಮತ್ತೆ ಆಸ್ಪತ್ರೆ ಸೇರುವ ಸಂಭವ ಕಡಿಮೆಯಾಗುತ್ತದೆ. ಸುಧಾರಣೆಯನ್ನು ಅಳೆಯುವಾಗ ಆರಂಭದ ಅಳತೆ ನಿಜವಾಗಿರುತ್ತದೆ. ಆರಂಭದಲ್ಲೇ "ಸ್ವತಂತ್ರ" ಎಂದು ಬರೆದರೆ, ಆರು ವಾರ ಶ್ರಮಪಟ್ಟು ಅಜ್ಜಿಯನ್ನು ಮತ್ತೆ ತೊಟ್ಟಿಗಿಳಿಸಿದರೂ ದಾಖಲೆಯಲ್ಲಿ ಸುಧಾರಣೆ ಕಾಣುವುದಿಲ್ಲ. ಹಾಗೆಂದು ಇಲ್ಲದ ಅಸಹಾಯಕತೆಯನ್ನು ಬರೆಯಿರಿ ಎಂದು ನಾನು ಹೇಳುತ್ತಿಲ್ಲ, ಅದು ವಂಚನೆ. ಕಣ್ಣಾರೆ ಕಂಡದ್ದನ್ನು ಬರೆಯಿರಿ ಎನ್ನುತ್ತಿದ್ದೇನೆ.

ಇಲ್ಲಿ ನಿಮ್ಮ ಪಾಲೂ ದೊಡ್ಡದು. ಡಾಕ್ಟರ ಕಚೇರಿಯಿಂದ ಬರುವ ಶಿಫಾರಸಿನಲ್ಲಿ ಎಷ್ಟೋ ಸಲ "ಸ್ನಾಯು ದೌರ್ಬಲ್ಯ" ಎಂಬ ಎಂ62.81 ಸಂಕೇತ ಮಾತ್ರ ಇರುತ್ತದೆ. ಪಿಡಿಜಿಎಂನಲ್ಲಿ ಅದನ್ನು ಪ್ರಧಾನ ಕಾಯಿಲೆಯಾಗಿ ಹಾಕುವಂತಿಲ್ಲ, ಕ್ಲೇಮು ಹಿಂದಕ್ಕೆ ಬರುತ್ತದೆ. ದೌರ್ಬಲ್ಯ ಯಾವುದರಿಂದ ಬಂತು ಎಂದು ಡಾಕ್ಟರನ್ನು ಕೇಳಬೇಕು, ಅದೂ ರೋಗಿಯನ್ನು ಒಪ್ಪಿಕೊಳ್ಳುವ ದಿನವೇ. ಕಾಲದ ವ್ಯತ್ಯಾಸ ನಿಮಗೆ ವರವಾಗಲಿ. ಅಲ್ಲಿ ಸಂಜೆ ಮುಗಿದ ಚಾರ್ಟ್ ನಿಮ್ಮ ಬೆಳಗಿನ ಹೊತ್ತಿಗೆ ಮೇಜಿನ ಮೇಲಿರುತ್ತದೆ. ನೀವು ಪ್ರಶ್ನೆಗಳನ್ನು ಬರೆದಿಟ್ಟರೆ ಅಲ್ಲಿನ ನರ್ಸ್ ಬೆಳಿಗ್ಗೆ ಏಳುವಾಗ ಅವು ಸಿದ್ಧವಿರುತ್ತವೆ. ಆದರೆ ನರ್ಸ್ ಗುರುತಿಸಿದ ಓಯಸಿಸ್ ಉತ್ತರವನ್ನು ನೀವಾಗಿಯೇ ತಿದ್ದಬೇಡಿ. ಪ್ರಶ್ನೆ ಕೇಳಿ, ಉತ್ತರ ಪಡೆದು, ತಿದ್ದುಪಡಿಯನ್ನು ಅವರಿಂದಲೇ ಮಾಡಿಸಿ, ಅದರ ದಾಖಲೆ ಉಳಿಸಿ.

ಇನ್ನು ಕೈಯಲ್ಲಿ ಓಡಾಡುವ ಹಣದ ಮಾತು. ಮೊದಲು ಆರೈಕೆ ಶುರುವಾದೊಡನೆ ಮೆಡಿಕೇರ್ ಅರ್ಧಕ್ಕೂ ಹೆಚ್ಚು ಮುಂಗಡ ಕೊಡುತ್ತಿತ್ತು. 2020ರಲ್ಲಿ ಅದು ಶೇ. 20ಕ್ಕೆ ಇಳಿಯಿತು, 2021ರಲ್ಲಿ ಸೊನ್ನೆಯಾಯಿತು. 2022ರಿಂದ, ರೋಗಿಯನ್ನು ಸೇರಿಸಿಕೊಂಡದ್ದನ್ನು ತಿಳಿಸುವ ಎನ್‌ಒಎ ಎಂಬ ಸೂಚನಾಪತ್ರವನ್ನು ಐದು ದಿನಗಳೊಳಗೆ ಸಲ್ಲಿಸಬೇಕು. ತಪ್ಪಿದರೆ ದಿನಕ್ಕೆ ಮೂವತ್ತರಲ್ಲೊಂದು ಭಾಗ ಕಡಿತ, ಅದೂ ಆರೈಕೆ ಆರಂಭವಾದ ದಿನದಿಂದಲೇ ಲೆಕ್ಕ. ಇದಕ್ಕೆ ಓಯಸಿಸ್ ಪೂರ್ತಿಯಾಗುವವರೆಗೆ ಕಾಯಬೇಕಿಲ್ಲ. ಡಾಕ್ಟರ ಆದೇಶವಿದ್ದು ಮೊದಲ ಭೇಟಿ ಆಗಿದ್ದರೆ ಮರುದಿನವೇ ಕಳುಹಿಸಬಹುದು. ಈ ಕಡಿತ ಬರೀ ಅಲಕ್ಷ್ಯದಿಂದ ಆಗುವ ನಷ್ಟ, ಒಂದು ರೂಪಾಯಿಯ ಖರ್ಚಿಲ್ಲದೆ ತಪ್ಪಿಸಬಹುದು. ಇದಕ್ಕಿಂತ ಕಷ್ಟದ್ದು ಡಾಕ್ಟರ ಸಹಿ. ಆರೈಕೆಯ ಯೋಜನೆಗೆ ಸಹಿ ಬೀಳದೆ ಅಂತಿಮ ಕ್ಲೇಮು ಹೋಗುವಂತಿಲ್ಲ, ಸಂಬಳದ ದಿನವಾದರೋ ಕಾಯುವುದಿಲ್ಲ. 2020ರ ಕೇರ್ಸ್ ಕಾಯಿದೆಯ ನಂತರ ನರ್ಸ್ ಪ್ರ್ಯಾಕ್ಟೀಷನರ್‌ಗಳೂ ಫಿಸಿಷಿಯನ್ ಅಸಿಸ್ಟೆಂಟ್‌ಗಳೂ ಈ ಸಹಿ ಮಾಡಬಹುದು. ನಿಮ್ಮ ಅಕ್ಕ ಈ ದಾರಿಯನ್ನು ಪೂರ್ತಿ ಬಳಸುತ್ತಿದ್ದಾರೆಯೇ ಎಂದು ವಿಚಾರಿಸಿ.

ಲೂಪಾ, ಅಂದರೆ ಭೇಟಿಗಳು ಕಡಿಮೆಯಾದಾಗ ಆಗುವ ಪಾವತಿಯ ಇಳಿಕೆಯ ಬಗ್ಗೆ ಭಯಪಟ್ಟಿದ್ದೀರಿ. 30 ದಿನಗಳಲ್ಲಿ ಭೇಟಿಗಳು ಗುಂಪಿಗೆ ತಕ್ಕಂತೆ 2ರಿಂದ 6ರವರೆಗಿನ ಮಿತಿಗಿಂತ ಕಡಿಮೆಯಾದರೆ ಪೂರ್ಣ ಮೊತ್ತದ ಬದಲು ಭೇಟಿಗಿಷ್ಟು ಎಂದು ಮಾತ್ರ ಸಿಗುತ್ತದೆ. ಮಿತಿ ಮುಟ್ಟಲೆಂದು ಬೇಡದ ಭೇಟಿ ಸೇರಿಸುವುದು 6, 14, 20ರ ಹಳೆಯ ರೋಗದ ಮರುಕಳಿಕೆ, ಅದರ ಹತ್ತಿರವೂ ಹೋಗಬೇಡಿ. ನಾನು ನೋಡಿದ ಲೂಪಾಗಳಲ್ಲಿ ಹೆಚ್ಚಿನವು ಯೋಜಿಸಿದ್ದ ಭೇಟಿ ತಪ್ಪಿದ್ದರಿಂದ ಆದವು: ಹಿಮ ಬಿತ್ತು, ನರ್ಸ್ ರಜೆ ಹಾಕಿದರು, ರೋಗಿ "ಇವತ್ತು ಬೇಡ" ಎಂದರು, ಬದಲಿ ದಿನವನ್ನು ಯಾರೂ ಗೊತ್ತುಮಾಡಲಿಲ್ಲ. ಪ್ರತಿ ವಾರ ತಪ್ಪಿದ ಭೇಟಿಗಳ ಪಟ್ಟಿ ನೋಡಿ, ಮೊದಲ ಎರಡು ವಾರ ಭೇಟಿಗಳನ್ನು ಒತ್ತಾಗಿ ಇಟ್ಟರೆ ರೋಗಿಗೂ ಒಳ್ಳೆಯದು, ಲೆಕ್ಕಕ್ಕೂ ಒಳ್ಳೆಯದು.

2020ರಲ್ಲಿ ಬಹಳಷ್ಟು ಏಜೆನ್ಸಿಗಳು "ಥೆರಪಿಗೆ ಈಗ ಹೆಚ್ಚುವರಿ ಹಣವಿಲ್ಲ" ಎಂದು ಥೆರಪಿಸ್ಟ್‌ಗಳನ್ನು ಕಡಿಮೆ ಮಾಡಿದವು. ಇದು ದೂರದೃಷ್ಟಿಯಿಲ್ಲದ ನಿರ್ಧಾರ ಎಂದು ಆಗಲೂ ಹೇಳಿದ್ದೆ, ಈಗ ಇನ್ನೂ ಗಟ್ಟಿಯಾಗಿ ಹೇಳುತ್ತೇನೆ. ಏಕೆಂದರೆ ಗುಣಮಟ್ಟದ ಮೇಲೆ ಹಣ ಕೊಡುವ ಪದ್ಧತಿ 2016ರಲ್ಲಿ ಒಂಬತ್ತು ರಾಜ್ಯಗಳಲ್ಲಿ ಶುರುವಾಗಿ, 2023ರಿಂದ ಇಡೀ ದೇಶಕ್ಕೆ ಹಬ್ಬಿದೆ. 2023ರ ಸಾಧನೆಯನ್ನು ಅಳೆದು 2025ರ ಪಾವತಿಯಲ್ಲಿ ಶೇ. 5ರವರೆಗೆ ಏರಿಕೆ ಅಥವಾ ಇಳಿಕೆ ಮಾಡಲಾಗಿದೆ. ಅಂದರೆ ಈ ವರ್ಷ ಥೆರಪಿ ಕಡಿದು ಉಳಿಸಿದ ಹಣಕ್ಕೆ ಎರಡು ವರ್ಷ ಬಿಟ್ಟು ದಂಡ ತೆರಬೇಕಾದೀತು. ಬಿದ್ದು ಮತ್ತೆ ಆಸ್ಪತ್ರೆ ಸೇರಿದವರು, ಓಡಾಡಲು ಆಗದೆ ಉಳಿದವರು ಎಲ್ಲರೂ ಆ ಅಂಕದಲ್ಲಿ ಸೇರಿರುತ್ತಾರೆ.

ದರ ಇಳಿಯುತ್ತಿದೆ ಎಂಬ ನಿಮ್ಮ ದೂರು ನಿಜ. ಏಜೆನ್ಸಿಗಳ ನಡವಳಿಕೆ ಬದಲಾಗಿದೆ ಎಂಬ ಕಾರಣ ಕೊಟ್ಟು ಮೂಲ ದರದಲ್ಲಿ 2023ಕ್ಕೆ ಶೇ. 3.925, 2024ಕ್ಕೆ ಶೇ. 2.890, 2025ಕ್ಕೆ ಶೇ. 1.975 ಶಾಶ್ವತ ಕಡಿತವನ್ನು ಮೆಡಿಕೇರ್ ಮಾಡಿದೆ. ಬೆಲೆಯೇರಿಕೆಗೆಂದು ಕೊಡುವ ಹೆಚ್ಚಳದಲ್ಲಿ ಬಹುಭಾಗ ಇದಕ್ಕೇ ಹೋಗುತ್ತದೆ. ನರ್ಸ್‌ಗಳ ಸಂಬಳ ಏರುತ್ತಿರುವ ಕಾಲದಲ್ಲಿ ಇದು ಅನ್ಯಾಯ ಎಂಬುದು ನನ್ನ ಅನಿಸಿಕೆ. ಮುಂದಿನ ವರ್ಷದ ದರಗಳ ಕರಡು ನಿಯಮ ಸಾಮಾನ್ಯವಾಗಿ ಜೂನ್ ಕೊನೆ ಅಥವಾ ಜುಲೈನಲ್ಲಿ ಬರುತ್ತದೆ. ಸಾರ್ವಜನಿಕ ಅಭಿಪ್ರಾಯಕ್ಕೆ 60 ದಿನ ಇರುತ್ತದೆ, ಅಂತಿಮ ನಿಯಮ ನವೆಂಬರ್ ಹೊತ್ತಿಗೆ ಬಂದು ಜನವರಿ 1ಕ್ಕೆ ಜಾರಿಯಾಗುತ್ತದೆ. ನವೆಂಬರ್‌ನಲ್ಲಿ ಎಚ್ಚರಗೊಳ್ಳುವವರಿಗೆ ಪ್ರತಿ ವರ್ಷವೂ ಆಘಾತ. ಜುಲೈಯಲ್ಲೇ ಓದಿ, ತಮ್ಮ ರೋಗಿಗಳ ಉದಾಹರಣೆ ಕೊಟ್ಟು ಆಕ್ಷೇಪ ಬರೆಯಲು ಅಕ್ಕನಿಗೆ ಹೇಳಿ. ಸಣ್ಣ ಏಜೆನ್ಸಿಗಳ ದನಿ ಅಲ್ಲಿ ದಾಖಲಾಗುವುದು ಮುಖ್ಯ.

ಇಲಿನಾಯ್‌ಗೆ ಮೇಲೊಂದು ಹೊರೆಯಿದೆ: 2019ರ ಜೂನ್‌ನಲ್ಲಿ ಕ್ಲೇಮುಗಳ ಪರಿಶೀಲನೆಯ ಪ್ರಯೋಗ ಶುರುವಾದ ಮೊದಲ ರಾಜ್ಯ ಇದು. ಶೇ. 90ರಷ್ಟು ಕ್ಲೇಮುಗಳಿಗೆ ಒಪ್ಪಿಗೆ ಸಿಕ್ಕರೆ ಮುಂದಿನ ಸುತ್ತಿನಲ್ಲಿ ಹಗುರವಾದ ಪರಿಶೀಲನೆಯನ್ನು ಆರಿಸಿಕೊಳ್ಳಬಹುದು. ಡಾಕ್ಟರು ರೋಗಿಯನ್ನು ಮುಖತಃ ನೋಡಿದ ಟಿಪ್ಪಣಿ ಮತ್ತು ರೋಗಿ ಮನೆ ಬಿಟ್ಟು ಹೊರಡಲು ಏಕೆ ಕಷ್ಟ ಎಂಬ ವಿವರಣೆ ಆರಂಭದಲ್ಲೇ ಸರಿಯಿದ್ದರೆ ಇದು ದಾಟಲಾಗದ ಹೊಳೆಯಲ್ಲ.

ನಿಜವಾದ ಅಪಾಯ ನಿಮ್ಮ ಪ್ರಶ್ನೆಯಲ್ಲಿ ಒಂದೇ ಸಾಲಿನಲ್ಲಿ ಬಂದುಹೋಗಿದೆ: "ಈಗ ಹೆಚ್ಚಿನ ರೋಗಿಗಳು ಮೆಡಿಕೇರ್ ಅಡ್ವಾಂಟೇಜ್‌ನವರು." ಮೆಡಿಕೇರ್ ಇರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಈಗ ಖಾಸಗಿ ವಿಮಾ ಕಂಪನಿಗಳು ನಡೆಸುವ ಈ ಯೋಜನೆಗಳಲ್ಲಿದ್ದಾರೆ. ಹಲವು ಯೋಜನೆಗಳು ಭೇಟಿಗಿಷ್ಟು ಎಂದು ಕಡಿಮೆ ದರ ಕೊಡುತ್ತವೆ, ಪೂರ್ವಾನುಮತಿಗೆ ಕಾಯಿಸುತ್ತವೆ. 2025ರ ಜುಲೈ 1ರಿಂದ ಹಣ ಕೊಡುವವರು ಯಾರೇ ಆದರೂ ಓಯಸಿಸ್ ಸಲ್ಲಿಸುವುದು ಕಡ್ಡಾಯವಾದ್ದರಿಂದ ಖಾಸಗಿ ವಿಮೆಯ ರೋಗಿಗಳ ಕೆಲಸವೂ ಹೆಚ್ಚಿತು.

ಆದ್ದರಿಂದ ಮುಚ್ಚುವ ಮಾತಿಗೆ ಮುಂಚೆ ಒಂದು ಲೆಕ್ಕ ಮಾಡಿ. ನರ್ಸ್ ಪ್ರಯಾಣದ ಸಮಯ, ಪೆಟ್ರೋಲು, ದಾಖಲೆ ಬರೆಯುವ ಹೊತ್ತು, ನಿಮ್ಮ ಕೋಡಿಂಗ್, ಅನುಮತಿಗಾಗಿ ಫೋನ್ ಹಿಡಿದು ಕೂರುವ ಸಿಬ್ಬಂದಿಯ ಸಂಬಳ ಎಲ್ಲ ಸೇರಿಸಿ ಒಂದು ಭೇಟಿಗೆ ಎಷ್ಟು ಬೀಳುತ್ತದೆ ನೋಡಿ. ಪ್ರತಿ ಯೋಜನೆ ಕೊಡುವ ದರವನ್ನು ಅದರ ಪಕ್ಕದಲ್ಲಿಟ್ಟು, ನಷ್ಟದ ಒಪ್ಪಂದಗಳನ್ನು ಮರುಚರ್ಚೆಗೆ ಎಳೆಯಿರಿ. ಆಗ ಆಸ್ಪತ್ರೆಗೆ ಮರಳಿದವರ ಪ್ರಮಾಣ ಕಡಿಮೆ ಎಂದು ತೋರಿಸಲು ನಿಮ್ಮ ಕೈಯಲ್ಲಿ ಒಳ್ಳೆಯ ಅಂಕಗಳಿದ್ದರೆ ಮಾತಿಗೆ ತೂಕ ಬರುತ್ತದೆ. ಒಪ್ಪದ ಯೋಜನೆಯನ್ನು ಬಿಡಿ. ಬಿಟ್ಟ ಮೇಲೂ ಸಂಬಳ ಕೊಡುವಷ್ಟು ರೋಗಿಗಳು ಉಳಿದರೆ ಅಕ್ಕ ಧೈರ್ಯವಾಗಿ ಮುಂದುವರಿಸಲಿ. ಉಳಿಯದಿದ್ದರೆ ಸಾಲ ಮೈಮೇಲೆ ಬರುವ ಮುಂಚೆಯೇ ಸುತ್ತಲಿನ ಯೋಗ್ಯ ಏಜೆನ್ಸಿಯೊಂದರ ಜೊತೆ ವಿಲೀನದ ಮಾತುಕತೆ ಶುರುಮಾಡಲಿ. ಹಾಗೆ ಮಾಡಿದರೆ ನರ್ಸ್‌ಗಳ ಕೆಲಸವೂ ರೋಗಿಗಳ ಆರೈಕೆಯೂ ನಡುನೀರಿನಲ್ಲಿ ನಿಲ್ಲುವುದಿಲ್ಲ.