ಕಾಫಿ ತೋಟದ ಸ್ಪ್ರಿಂಕ್ಲರ್ ಪಂಪಿಗೆ ಹೊಸ ಮೆಕ್ಯಾನಿಕಲ್ ಸೀಲ್ ಹಾಕಿದರೂ ವಾರದಲ್ಲೇ ಮತ್ತೆ ಸೋರುವುದೇಕೆ?

ಶಾಫ್ಟ್ (ತಿರುಗುವ ದಂಡ) ಪಂಪಿನೊಳಗೆ ಹೋಗುವಲ್ಲಿ ನೀರು ಸೋರದಂತೆ ತಡೆಯುವುದೇ ಈ ಸೀಲಿನ ಕೆಲಸ. ಸೋರಿದರೆ ಹೆಚ್ಚಾಗಿ ಅದು ಸೀಲಿನ ದೋಷವಲ್ಲ. ಜೋಡಿಸುವಾಗ ಅದರ ಮುಖಕ್ಕೆ (ಉಂಗುರಗಳು ಒಂದನ್ನೊಂದು ಉಜ್ಜುವ ನುಣುಪು ಮೈಗೆ) ಕೊಳೆ ಅಂಟಿರುತ್ತದೆ, ಇಲ್ಲವೇ ಪಂಪು ನೀರಿಲ್ಲದೆ ಓಡಿರುತ್ತದೆ.

ಈ ಪಂಪುಗಳ ಸೀಲಿನಲ್ಲಿ ಸಾಮಾನ್ಯವಾಗಿ ಎರಡು ಉಂಗುರ: ಶಾಫ್ಟಿನ ಜೊತೆ ತಿರುಗುವ ಕಾರ್ಬನ್, ಕದಲದೆ ಕೂರುವ ಸೆರಾಮಿಕ್. ಸ್ಪ್ರಿಂಗ್ ಇವೆರಡನ್ನೂ ಒತ್ತಿ ಹಿಡಿಯುತ್ತದೆ. ನಡುವಿನ, ಕೂದಲಿಗಿಂತ ಎಷ್ಟೋ ತೆಳುವಾದ ನೀರಿನ ಪದರವೇ ಅವುಗಳಿಗೆ ಎಣ್ಣೆಯೂ ಹೌದು, ತಂಪೂ ಹೌದು. ಅದು ಹೋದರೆ ಮುಖ ಬೇಗನೆ ಕಾಯುತ್ತದೆ. ಆಮೇಲೆ ತಣ್ಣೀರು ನುಗ್ಗಿದಾಗ ಸೆರಾಮಿಕ್ ಬಿರುಕು ಬಿಡುತ್ತದೆ. ಫೆಬ್ರವರಿ-ಮಾರ್ಚಿನಲ್ಲಿ ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಬಾರದೆ ಕೆರೆಯಿಂದ ನೀರೆತ್ತುವಾಗ, ನೀರು ತಳ ಸೇರಿ ಹೀರುಕೊಳವೆಯ ತುದಿಯ ಫುಟ್‌ವಾಲ್ವ್ ಗಾಳಿ ಎಳೆದರೆ ಆಗುವುದು ಇದೇ.

ಹಳೆಯದನ್ನು ತೆಗೆದ ಮೇಲೆ ಶಾಫ್ಟಿನ ಸ್ಲೀವ್ (ಅದಕ್ಕೆ ತೊಡಿಸಿದ ಲೋಹದ ಕೊಳವೆ) ಮೇಲೆ ಉಗುರಾಡಿಸಿ. ಗೀರು ಉಗುರಿಗೆ ಸಿಕ್ಕಿದರೆ ಸ್ಲೀವ್ ಬದಲಿಸಿ. ಸಣ್ಣ ತುಕ್ಕಿಗೆ 400 ನಂಬರಿನ ಎಮರಿ ಕಾಗದ ಸಾಕು. ಉಂಗುರಗಳನ್ನು ಜೋಡಿಯಾಗಿಯೇ ಬದಲಿಸಿ, ಹಳೆಯ ಸೆರಾಮಿಕ್ಕಿನ ಸವೆದ ಗೆರೆ ಹೊಸ ಕಾರ್ಬನ್ನನ್ನು ತಿನ್ನುತ್ತದೆ. ಸೀಲಿನ ರಬ್ಬರಿಗೆ ಸೋಪುನೀರು ಸವರಿ ಒತ್ತಿ. ಕೈಗೆ ಸಿಕ್ಕ ಗ್ರೀಸ್ ಬೇಡ, ಇಪಿಡಿಎಂ ಎಂಬ ಬಗೆಯ ರಬ್ಬರು ಅದರಿಂದ ಉಬ್ಬುತ್ತದೆ. ಮುಖವನ್ನು ಬೆರಳಿನಿಂದ ಮುಟ್ಟಬೇಡಿ, ಸುತ್ತಿಗೆಯಂತೂ ದೂರವೇ ಇರಲಿ. ಬೇರಿಂಗ್ ಸಡಿಲವಿದ್ದರೆ ಮೊದಲು ಅದನ್ನು ಬದಲಿಸಿ. ಶಾಫ್ಟ್ ಕುಣಿಯುತ್ತಿದ್ದರೆ ಯಾವ ಸೀಲೂ ನಿಲ್ಲದು.

ಕೇಸಿಂಗಿಗೆ (ಪಂಪಿನ ಹೊರಕವಚಕ್ಕೆ) ನೀರು ತುಂಬಿಸಿ, ಗಾಳಿ ಹೊರಬಿಟ್ಟು, ಶಾಫ್ಟನ್ನು ಕೈಯಲ್ಲೊಮ್ಮೆ ತಿರುಗಿಸಿಯೇ ಚಾಲೂ ಮಾಡಿ. ಮೊದಲ ಕೆಲವು ನಿಮಿಷ ಒಂದೆರಡು ಹನಿ ಬಿದ್ದರೆ ಗಾಬರಿ ಬೇಡ.